ದೊರೆಯನ್ನು ಹೊತ್ತು ದಾಟಿಸುವ ಹೊಲ

ನಮ್ಮ ನಾರ್ಮಂಡಿಯ ದೊರೆಗಳು ನೆಲವನ್ನು ಪುಕ್ಕಟೆ ಕೊಡುವವರಲ್ಲ, ಊಳಿಗಕ್ಕೆ ಕೊಡುವವರು. ದೊರೆ ಗೋಸ್ಲಿನ್ ಹಳ್ಳದ ದಂಡೆಯ ಬಂಜರನ್ನು ತನ್ನ ಸವಾರ ತುರಸ್ತಾನನಿಗೆ ಕೊಟ್ಟಾಗ ಹಾಕಿದ ಕರಾರು ಒಂದೇ: ಕೇಳಿದ ವರ್ಷ, ಸಂತ ಮಾರ್ಟಿನನ ಹಬ್ಬದ ದಿನ, ದೊರೆಯನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸಬೇಕು. ತಪ್ಪಿದರೆ ನೆಲ ವಾಪಸು. ತುರಸ್ತಾನನಿಗೆ ಸೊಂಟನೋವು. ಅವನು ನೆಲವನ್ನೂ ಕರಾರನ್ನೂ ಗಿರಣಿಯ ಒಸ್ಬೆರ್ನನಿಗೆ ಕೊಟ್ಟ. ಒಸ್ಬೆರ್ನ ಹುಟ್ಟು ಸೋಮಾರಿ. ಅವನು ವಿಧವೆ ಓಬ್ರೆಗೆ ಕೊಟ್ಟ. ಬೆಳೆಯಲ್ಲಿ ಪಾಲು ಮಾತ್ರ ಇಬ್ಬರೂ ಬಿಡಲಿಲ್ಲ. ಓಬ್ರೆಯ ಕೆಳಗೆ ಯಾರೂ ಇರಲಿಲ್ಲ.

ಬಂಜರಾಗಿದ್ದಷ್ಟು ಕಾಲ ದೊರೆಗೆ ಹಳ್ಳ ದಾಟುವ ನೆನಪೇ ಬರಲಿಲ್ಲ. ಓಬ್ರೆಯ ಸೇಬಿನ ಮರಗಳು ಫಲ ಬಿಟ್ಟದ್ದೇ ತಡ, ಬಂತು. ದೊರೆಯೋ ಬೆಣ್ಣೆ ತಿಂದು ಕೊಬ್ಬಿದ ಮೈ, ಓಬ್ರೆಯೋ ಊರುಗೋಲಿನ ಮುದುಕಿ. ಹೊಲ ಹೋದರೆ ಅವಳಿಗೆ ಭಿಕ್ಷೆಯೇ ಗತಿ.

ಹಬ್ಬದ ಬೆಳಿಗ್ಗೆ ಪಾದ್ರಿಗಳೂ ಸೇರಿ ಊರೆಲ್ಲ ದಂಡೆಯಲ್ಲಿ ನೆರೆಯಿತು. ನೀರು ಕೊರೆಯುತ್ತಿತ್ತು.

"ಏನಜ್ಜಿ, ಹೊರ್ತೀಯೋ, ಹೊಲ ಬಿಡ್ತೀಯೋ?" ಎಂದ ದೊರೆ.

ತುರಸ್ತಾನ ಆಕಾಶ ನೋಡಿದ. ಒಸ್ಬೆರ್ನ ತುರಸ್ತಾನನನ್ನು ನೋಡಿದ. ಇಬ್ಬರಿಗೂ ನಾಲ್ಕು ಬಾರಿಸಬೇಕೆನಿಸಿತು ನನಗೆ.

"ಹೊರೋದು ಇದ್ದೇ ಇದೆ ಧಣಿ. ಅದಕ್ಕೆ ಮುಂಚೆ ಒಂದು ಮಾತು. ನನ್ನ ಆ ದೊಡ್ಡ ಮರ, ಅದರ ಬುಡದ ನೆಲ, ನಿಮಗೇ ಕೊಡ್ತೀನಿ. ಒಸ್ಬೆರ್ನ ನನಗೆ ಹಾಕಿದ ಕರಾರೇ ನಿಮಗೂ. ಪಾದ್ರಿಗಳೇ, ಕೇಳಿಸ್ಕೊಂಡ್ರಾ?" ಎಂದು ಓಬ್ರೆ ಒಂದು ಮಣ್ಣಿನ ಹೆಂಟೆ ಎತ್ತಿದಳು.

ನೆಲ ಕೊಡುವವರು ಹೆಂಟೆ ನೀಡಬೇಕು, ತೆಗೆದುಕೊಳ್ಳುವವರು ಹಿಡಿಯಬೇಕು. ಹಿಡಿದರೆ ಒಪ್ಪಿದ ಹಾಗೆ. ನೆಲ ಕೊಡುತ್ತೇನೆಂದರೆ ಬೇಡವೆಂದು ದೊರೆಯ ವಂಶದಲ್ಲೇ ಯಾರೂ ಅಂದವರಿಲ್ಲ. ಮುದುಕಿ ಹೆದರಿ ಲಂಚ ಕೊಡುತ್ತಿದ್ದಾಳೆಂದುಕೊಂಡು ಎರಡೂ ಕೈಯಲ್ಲಿ ಹೆಂಟೆ ಹಿಡಿದ.

"ಸರಿ, ಈಗ ನೀವು ನನ್ನ ಒಕ್ಕಲು," ಎಂದಳು ಓಬ್ರೆ. "ಹೊತ್ಕೊಳ್ಳಿ ಮತ್ತೆ."

"ಯಾರನ್ನ?"

"ದೊರೆನ!"

ಪಾದ್ರಿಯೇ ಮೊದಲು ನಕ್ಕುಬಿಟ್ಟರು.

"ಮುದುಕೀ, ತಮಾಷೆನಾ? ಆ ಕರಾರು ನಡೆಯಲ್ಲ!" ಎಂದು ದೊರೆ ಗುಡುಗಿದ.

"ನಡೆಯಲ್ಲ ಅಂದ್ರೆ ನನಗೂ ನಡೆಯಲ್ಲ, ಒಸ್ಬೆರ್ನಂಗೂ ನಡೆಯಲ್ಲ ಧಣಿ. ನಡೆಯುತ್ತೆ ಅಂದ್ರೆ ನಡೀರಿ."

ದೊರೆ ಪಾದ್ರಿಯ ಮುಖ ನೋಡಿದ. ಪಾದ್ರಿ ಕರಾರು ನಡೆಯುತ್ತದೆಂದು ತಲೆಯಾಡಿಸಿದರು. ಊರೆದುರು ಕೈಯಾರೆ ಹಿಡಿದ ಹೆಂಟೆಯನ್ನು ಅಲ್ಲಗಳೆದರೆ ನಾಳೆ ಅವನು ಕೊಟ್ಟ ಯಾವ ನೆಲಕ್ಕೂ ಬೆಲೆಯಿಲ್ಲ. ಹಲ್ಲು ಕಡಿಯುತ್ತ, ನಿಲುವಂಗಿ ಎತ್ತಿಕೊಂಡು, ತನ್ನನ್ನು ತಾನೇ ಹೊತ್ತು ನೀರಿಗಿಳಿದ.

"ಹುಷಾರು ಕಣಪ್ಪಾ, ದೊರೆ ಬಿದ್ದಾರು!" ಎಂದು ಓಬ್ರೆ ದಂಡೆಯಿಂದ ಕೂಗಿದಳು. ನಡುಹಳ್ಳದಲ್ಲಿ ಒಮ್ಮೆ ಜಾರಿ, ದೊರೆ ಕುತ್ತಿಗೆವರೆಗೂ ಮುಳುಗಿ ಎದ್ದ. ಅಷ್ಟು ಬೈಗುಳ ಅವನಿಗೆ ಗೊತ್ತಿತ್ತೆಂದು ಊರಿಗೆ ಅಂದೇ ತಿಳಿದದ್ದು.

ಆಚೆ ದಡ ಸೇರಿ, ಗಡಗಡ ನಡುಗುತ್ತ ಅರಚಿದ: "ನನ್ನ ಮರದ ಹಣ್ಣು ಕಳಿಸೇ!"

ಓಬ್ರೆ ಈಚೆ ದಂಡೆಯಲ್ಲೇ ಕೂತಿದ್ದಳು. ಅಳುತ್ತಿದ್ದಳು, ನಗುತ್ತಿದ್ದಳು, ಹೊಲದ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಹಣ್ಣು ಹೊರೋ ಕರಾರು ನನಗಿಲ್ಲ ಧಣಿ," ಎಂದಳು. "ನಿಮ್ಮ ಮರ ಈ ಕಡೆ ಇದೆ. ಬಂದು ಕಿತ್ಕೊಂಡ್ಹೋಗಿ."