ಕವರಿನ ಎಳ್ಳು

ಯಾರ ಮನೆಯ ಬೆಲ್ ಒತ್ತಬೇಕಾದರೂ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಬಿ.ಎ. ಮುಗಿಸಿ ವರ್ಷವಾಯಿತು; ಇದನ್ನು ಡೈರಿಗಲ್ಲದೆ ಯಾರಿಗೂ ಹೇಳಿಲ್ಲ. ಸಂಕ್ರಾಂತಿ ಸಂಜೆ, ಅನುವನ್ನು ಎಳ್ಳು ಬೀರಲು ಕರೆದುಕೊಂಡು ಹೋಗು ಎಂದು ಶಶಿಕಲಾ ಅತ್ತಿಗೆ ಅಂದಾಗ ಮೊದಲು ಎಣಿಸಿದ್ದು ಬೆಲ್‌ಗಳನ್ನೇ. ಒಂಬತ್ತು ಮನೆ.

ಅನು ನನ್ನ ಅಣ್ಣನ ಮಗಳು, ಐದು ವರ್ಷ. ಜರಿ ಲಂಗ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಒಂಬತ್ತು ಪೊಟ್ಟಣ, ಒಂದೊಂದರ ಮೇಲೂ ಸಕ್ಕರೆ ಅಚ್ಚಿನ ಗಿಣಿ.

"ನಗ್ತಾ ಕೊಡ್ಬೇಕು ಪುಟ್ಟಿ. ಕೊಡೋ ಕೈ ಹಿಂದೆ ಸರೀಬಾರ್ದು," ಎಂದು ಅತ್ತಿಗೆ ಬೆಳಿಗ್ಗೆಯಿಂದ ಪಾಠ ಹೇಳಿದ್ದರು. ಹೊರಡುವಾಗ ನನ್ನ ಕೈಗೊಂದು ಪ್ಲಾಸ್ಟಿಕ್ ಕವರ್ ತುರುಕಿದರು.

"ಇದು ಇಸ್ತ್ರಿ ಮುನಿತಾಯಮ್ಮಂಗೆ. ಹೋದ್ವರ್ಷದ ಎಳ್ಳು. ಅವ್ರಿಗೇನ್ ಗೊತ್ತಾಗುತ್ತೆ?"

ಕಮಟು ಕೊಬ್ಬರಿಯ ವಾಸನೆ ಮೂಗಿಗೆ ಬಡಿಯಿತು. ಬೇಡ ಅನ್ನಬೇಕೆನಿಸಿತು. ಬಾಯಿ ಮಾತ್ರ "ಹೂಂ" ಅಂದಿತು.

ಎಂಟು ಮನೆ ಮುಗಿಸಿ ಬರುವಾಗ, ಹೊಸಹಳ್ಳಿ ಮೆಟ್ರೊ ಪಕ್ಕದ ತಿರುವಿನಲ್ಲಿ ಮುನಿತಾಯಮ್ಮನ ಗಾಡಿ. ಅನುವಿನ ಲಂಗಕ್ಕೆ ಬೆಳಿಗ್ಗೆ ಇಸ್ತ್ರಿ ಹಾಕಿಕೊಟ್ಟವರು ಅವರೇ.

ನಾನು ಕವರ್ ಹಿಡಿದು ಇನ್ನೂ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಅನು ತಟ್ಟೆಯನ್ನೇ ಚಾಚಿದಳು. "ಅಜ್ಜಿ, ತಗೊಳ್ಳಿ. ಗಿಣಿ!"

"ಅಯ್ ನನ್ ಕಂದ! ನಂಗಾ? ಇರೋ ಮೂರ್ ಹಲ್ಲಲ್ಲಿ ಇದುನ್ನ ಹೆಂಗೆ ಕಡೀಲಮ್ಮಿ?" ಅವರು ನಕ್ಕು, ಗಿಣಿಯ ತಲೆ ಮುರಿದು ಅನುವಿನ ಬಾಯಿಗಿಟ್ಟರು. ಬಾಲ ನನಗೆ. ತಮಗೆ ಉಳಿದ ಚೂರು.

ಕೊನೆಯ ಮನೆ ನಮ್ಮ ಓನರ್ ಮುನಿರಾಮಯ್ಯನವರದು. ತಟ್ಟೆ ಖಾಲಿ. ಓನರ್ ಆಂಟಿ ಬಾಗಿಲು ತೆಗೆದರು. ಅನು ನನ್ನ ಕವರಿಗೆ ಕೈ ಹಾಕಿ ಅದರಲ್ಲಿದ್ದ ಪೊಟ್ಟಣವನ್ನು ಕೊಟ್ಟಳು, ನಗುತ್ತಲೇ. ತಡೆಯಬಹುದಿತ್ತು. ತಡೆಯಲಿಲ್ಲ.

ಮನೆ ಸೇರಿ ಹತ್ತು ನಿಮಿಷವಾಗಿರಲಿಲ್ಲ, ಫೋನ್ ಬಂತು. ಆಂಟಿಯ ದನಿ ನನಗೂ ಕೇಳಿಸಿತು. "ಏನಮ್ಮ ಶಶಿಕಲಾ, ಹುಳ ಓಡಾಡ್ತಿದೆ!"

ಅತ್ತಿಗೆ ಫೋನ್ ಇಟ್ಟವರೇ ಅನುವಿನ ಕಿವಿ ಹಿಂಡಿದರು. "ಚೆನ್ನಾಗಿರೋದು ತಗೊಂಡೋಗಿ ಇಸ್ತ್ರಿಯವಳಿಗೆ ಕೊಟ್ಯಾ? ಯಾರಿಗೆ ಏನ್ ಕೊಡ್ಬೇಕು ಗೊತ್ತಾಗಲ್ವಾ ನಿಂಗೆ? ಇನ್ಮೇಲೆ ಕೊಡಲ್ಲ ಅನ್ನು! ಅನ್ನೇ!"

ಅನು ನನ್ನತ್ತ ನೋಡಿದಳು. ಕೆನ್ನೆಗೆ ಇನ್ನೂ ಸಕ್ಕರೆ ಮೆತ್ತಿತ್ತು.

"ಇನ್ಮೇಲೆ... ಯಾರ್ಗೂ..."

ಇನ್ನೊಂದು ಪದ ಆಚೆ ಬಂದಿದ್ದರೆ ಅದು ಜೀವಮಾನವಿಡೀ ಅವಳೊಳಗೆ ಕೂತುಬಿಡುತ್ತಿತ್ತು. ನಾನು ಅತ್ತಿಗೆಯ ಕೈ ಹಿಡಿದು ಕಿವಿಯಿಂದ ಬಿಡಿಸಿದೆ.

"ಅತ್ತಿಗೆ, ಅದು ಕೆಟ್ಟೋಗಿದೆ ಅಂತ ನಿಮ್ಗೆ ಗೊತ್ತಿತ್ತು. ನಂಗೂ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ಈ ಮಗು ಒಂದಕ್ಕೇ."