ಪೆಟ್ಟಿಗೆಗೆ ಬಿದ್ದ ಕೂಲಿ

"ಕೈ ತೆಗಿಯೇ ಬೇವರ್ಸಿ. ಅದ್ ಬಡವ್ರಿಗೆ ಅಂದೇಳಿ ಇಟ್ಟ ಪೆಟ್ಗಿ."

ರಾಜೇಂದ್ರ ಶೆಟ್ಟರು ಕಾರಿನ ಗಾಜು ಇಳಿಸಿ ಹೀಗೆ ಹೇಳುವಾಗ ಗುಲಾಬಿಯ ಬಲಗೈ ಭುಜದವರೆಗೂ ಪೆಟ್ಟಿಗೆಯ ಬಾಯೊಳಗಿತ್ತು. ನಾವುಂದದ ಪಂಚಾಯ್ತಿ ಕಚೇರಿಯ ಎದುರು, ಹಾಲಿನ ಡೈರಿಯ ಪಕ್ಕದಲ್ಲಿ ನಿಲ್ಲಿಸಿದ ಆಳೆತ್ತರದ ಹಳದಿ ತಗಡಿನ ಪೆಟ್ಟಿಗೆ ಅದು. ಹಳೆ ಬಟ್ಟೆ ಹಾಕಿ, ಬಡವರ ಮೈ ಮುಚ್ಚಿ ಎಂದು ಮೇಲೆ ಬರೆದಿದೆ. ಹಾಕಿದ್ದು ಮತ್ತೆ ಹೊರಗೆ ಬರದ ಹಾಗೆ ಬಾಯಿಗೆ ತಿರುಗುವ ತಗಡು ಬೇರೆ. ಗುಲಾಬಿ ಕೈ ಎಳೆದುಕೊಂಡಾಗ ಮೊಣಕೈಯ ಚರ್ಮ ಸುಲಿದಿತ್ತು. ಬಡವರ ಪೆಟ್ಟಿಗೆಯಿಂದ ಬಡವಳನ್ನು ಓಡಿಸಿದ ಪುಣ್ಯಾತ್ಮ ಗಾಜು ಏರಿಸಿಕೊಂಡು ಹೋದ.

ಒಳಗಿದ್ದದ್ದು ಶೆಟ್ಟರ ತಾಯಿಯ ಸೀರೆಗಳು. ನಾವೆಲ್ಲ ಅವರನ್ನು ಒಡ್ತಿ ಎನ್ನುತ್ತಿದ್ದೆವು. ಒಡ್ತಿ ಹಾಸಿಗೆ ಹಿಡಿದ ಮೇಲೆ ಅವರ ಉಚ್ಚೆ ಹೇಲು ಬಾಚಿದ್ದು, ಮೈ ಒರೆಸಿದ್ದು, ತಲೆ ಬಾಚಿದ್ದು ನಮ್ಮ ಕಾಲನಿಯ ಗುಲಾಬಿ. ಮುಂಬಯಿಯ ಸೊಸೆಯಂದಿರು ಬಂದರೆ ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದರು. ಗುಲಾಬಿಗೆ ಕೊಡುತ್ತಿದ್ದ ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಒಡ್ತಿಗೇ ಅದು ಕಡಿಮೆ ಅನ್ನಿಸಿ, ಮಗನನ್ನು ಎದುರು ಕರೆದು, "ನಾನ್ ಸತ್ರೆ ನನ್ ಸೀರಿ ಎಲ್ಲ ಇವ್ಳಿಗೆ ಕೊಡ್ಕ್, ಆಯ್ತಾ" ಎಂದಿದ್ದರು. ಶೆಟ್ಟರು ಹೂಂ ಅಂದಿದ್ದರು. ನಾನು ಆ ದಿನ ಅಲ್ಲೇ ತೆಂಗಿನಕಾಯಿ ಸುಲಿಯುತ್ತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಬೊಜ್ಜದ ದಿನ, ತಿಥಿಯ ಊಟ ಮುಗಿದ ಮೇಲೆ, ಚಾಕರಿ ಮಾಡಿದವರ ಕೈಗೆ ಕೊಡುತ್ತಾರೆ. ಆದರೆ ತೆಗೆದುಕೊಳ್ಳುವವರು ಬಾಯಿಬಿಟ್ಟು ಕೇಳಬಾರದು. ಕೇಳಿದರೆ ಸತ್ತವರಿಗೆ ಅವಮಾನವಂತೆ. ದನದ ಹಟ್ಟಿಯ ಹಿಂದೆ ನಿಂತು, ಕರೆಯುವವರೆಗೆ ಕಾಯಬೇಕು. ನನಗೆ ಈ ಪದ್ಧತಿಯನ್ನು ಕಂಡರೆ ಮೈ ಉರಿಯುತ್ತದೆ. ದುಡಿದವಳು ಬಾಯಿ ಮುಚ್ಚಿಕೊಂಡಿರಬೇಕು, ಕೊಡುವವನಿಗೆ ನೆನಪಾದರೆ ಆಯಿತು. ಒಡ್ತಿಯ ಬೊಜ್ಜದ ದಿನ ಗುಲಾಬಿ ಮಾತ್ರ ಹಾಗೆಯೇ ನಿಂತಳು. ಊಟವಾಯಿತು, ಎಲೆ ಎತ್ತಿದರು, ಕಡಾಯಿಗಳನ್ನೆಲ್ಲ ಅವಳೇ ತಿಕ್ಕಿದಳು. ಸೊಸೆಯೊಬ್ಬಳು ಸೀರೆಯ ಗಂಟುಗಳನ್ನು ಕಾರಿಗೆ ಹಾಕುವುದು ಕಂಡಾಗಲೂ ಹಟ್ಟಿಯ ಕಡೆಗೇ ತರುತ್ತಾರೆ ಎಂದುಕೊಂಡಳು. ಸಂಜೆ ಊರಿನ ಎಲ್ಲರ ಮೊಬೈಲಿಗೂ ಫೋಟೋ ಬಂತು. ಶೆಟ್ಟರು ಗಂಟು ಹಿಡಿದು ಪೆಟ್ಟಿಗೆಯ ಎದುರು ನಗುತ್ತಿದ್ದಾರೆ, ಪಂಚಾಯ್ತಿ ಮೆಂಬರು ಉಮಾನಾಥ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ. ಗುಲಾಬಿ ಪೆಟ್ಟಿಗೆಗೆ ಕೈ ಹಾಕಿದ್ದು ಅದರ ಮಾರನೆಯ ದಿನ.

ಆ ಬಡವರು ಯಾರು ಎಂಬ ಸಂಶಯ ನನಗೆ ಹತ್ತಿದ್ದೇ ಆವಾಗ. ಡೈರಿಯಲ್ಲಿ ಹಾಲು ಅಳೆಯುವ ಕುಷ್ಟನನ್ನು ಕೇಳಿದರೆ, ಯಾವುದೋ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ, ಮುಂದಿನದು ತನಗೆ ಗೊತ್ತಿಲ್ಲ ಎಂದು ಹಾಲಿನ ಕ್ಯಾನಿನ ಕಡೆ ತಿರುಗಿಕೊಂಡ. ಉಮಾನಾಥ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಎಂದ. ಎಲ್ಲಿಯ ನೆರೆ ಎಂದು ಕೇಳಿದ್ದಕ್ಕೆ ನಿನಗೆ ಯಾಕೆ ಅಧಿಕಪ್ರಸಂಗ ಎಂದ. ಕಾಲನಿಯ ಹೆಂಗಸರು ಮಾತ್ರ ಬೇರೆಯೇ ಲೆಕ್ಕ ಹಾಕಿಕೊಂಡಿದ್ದರು. ಪೆಟ್ಟಿಗೆ ತುಂಬಿದರೆ ಬೀಗ ತೆಗೆದು ಊರಿನ ಬಡವರಿಗೆ ಹಂಚುತ್ತಾರೆ, ಒಡ್ತಿಯ ಸೀರೆ ಅಲ್ಲಿ ಸಿಕ್ಕೇ ಸಿಗುತ್ತದೆ ಎಂದು ಗುಲಾಬಿಗೂ ಸಮಾಧಾನ ಹೇಳಿದ್ದರು.

ಹಾಗಾಗಿ ಲಾರಿ ಬಂದಿದೆ ಎಂದು ಕೇಳಿದ್ದೇ ತಡ, ನಾವೆಲ್ಲ ಚೀಲ ಹಿಡಿದು ಹೋಗಿ ಪೆಟ್ಟಿಗೆಯ ಎದುರು ಸಾಲಾಗಿ ನಿಂತೆವು. ಸಾಲು ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ, ನಮಗೆ ಅದೇ ಅಭ್ಯಾಸ.

ಲಾರಿಯವನು ಬೀಗ ತೆಗೆದ. ಬಟ್ಟೆಗಳು ದಬದಬನೆ ನೆಲಕ್ಕೆ ಬಿದ್ದವು. ಅವನು ಕಾಲಿನಲ್ಲೇ ಒಳ್ಳೆಯದನ್ನು ಒಂದು ಕಡೆ, ಹರಿದದ್ದನ್ನು ಒಂದು ಕಡೆ ತಳ್ಳಿದ. ಗೋಣಿಗೆ ತುಂಬಿ, ಲಾರಿಯ ಹಿಂದಿನ ಕಂಬಿಯಿಂದ ಇಳಿಬಿಟ್ಟ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ತೂಗತೊಡಗಿದ. ಬಡವರಿಗೆ ಹಂಚುವುದಕ್ಕೆ ತೂಕ ಯಾಕೆ? ಇದನ್ನೇ ಕೇಳಿದೆ.

"ಯಾವ ಬಡವರಮ್ಮ? ನಮ್ದು ಕಂಪನಿ. ಒಳ್ಳೇದು ಸಂತೆಗೆ ಹೋಗ್ತದೆ, ಹರಿದಿದ್ದು ಫ್ಯಾಕ್ಟರಿಗೆ. ಜಾಗ ಕೊಟ್ಟವರಿಗೂ ಬಾಡಿಗೆ ಕೊಡ್ತೇವೆ," ಎಂದ. ಪಾಪ, ಅವನಿಗೆ ಮುಚ್ಚಿಡಬೇಕೆಂದೇ ಗೊತ್ತಿರಲಿಲ್ಲ.

ಡೈರಿಯ ಪಕ್ಕದ ಜಾಗ ಶೆಟ್ಟರದ್ದು. ಅಷ್ಟರಲ್ಲಿ ಅವರ ಕಾರೂ ಬಂದು ನಿಂತಿತ್ತು. ಎಲ್ಲರೂ ತನ್ನನ್ನೇ ನೋಡುವುದು ಕಂಡು, ಬಾಡಿಗೆಯೆಲ್ಲ ದೇವಸ್ಥಾನಕ್ಕೆ ಹೋಗುತ್ತದೆ ಎಂದರು. ಯಾವ ದೇವಸ್ಥಾನ ಎಂದು ಅವರೂ ಹೇಳಲಿಲ್ಲ. ಅವರ ಜೊತೆ ಕಾರಿನಿಂದ ಇಳಿದಿದ್ದ ಉಮಾನಾಥ ಆಕಾಶ ನೋಡಿದ.

ಗುಲಾಬಿಯ ಕಣ್ಣು ರಾಶಿಯ ಮೇಲೇ ಇತ್ತು. ಅಲ್ಲಿ ಒಡ್ತಿಯ ಹಸಿರು ಅಂಚಿನ ನೂಲಿನ ಸೀರೆ ಕಂಡಿತು. ಲಾರಿಯವನ ಕಾಲು ತಾಗುವ ಮೊದಲೇ ಅವಳು ಬಗ್ಗಿ ಎತ್ತಿಕೊಂಡಳು.

"ಇಡ್ ಅದನ್ನ್ ಕೆಳ್ಗೆ. ದಾನ ಕೊಟ್ಟದ್," ಎಂದರು ಶೆಟ್ಟರು.

"ದಾನ ಕೊಡುಕೆ ಅದ್ ನಿಮ್ದಲ್ಲ, ಒಡ್ಯ. ನಿಮ್ಮಬ್ಬಿ ಹೇಲ್ ಬಾಚಿದ್ ನಾನ್. ಇದ್ ನನ್ ಕೂಲಿ."

ಒಡೆಯನ ಮುಖಕ್ಕೆ ಅವಳು ಹೀಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಶೆಟ್ಟರು ಜಾತಿ ಎತ್ತಿ ಒಂದು ಮಾತು ಬೈದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವರ ಬಾಯಲ್ಲೇ ಕೊಳೆಯಲಿ. ಗುಲಾಬಿ ಉಟ್ಟ ಸೀರೆಯ ಮೇಲೆಯೇ ಒಡ್ತಿಯ ಸೀರೆ ಸುತ್ತಿ, ನೆರಿಗೆ ಹಿಡಿದು, ಸೆರಗನ್ನು ಸೊಂಟಕ್ಕೆ ಬಿಗಿದು ಗಂಟು ಹಾಕಿದಳು.

ಲಾರಿಯವನು ಮೆಲ್ಲಗೆ, ಬಿಚ್ಚಿ ಕೊಡಮ್ಮ, ತೂಕ ಕಡಿಮೆಯಾದರೆ ನನ್ನ ತಲೆಗೆ ಬರುತ್ತದೆ ಎಂದ. ಅವಳು ಅವನ ಹತ್ತಿರ ಹೋದಳು. ಖಾಲಿ ನೇತಾಡುತ್ತಿದ್ದ ಕೊಕ್ಕೆ ಹಿಡಿದು ಸೊಂಟದ ಆ ಗಂಟಿಗೇ ಸಿಕ್ಕಿಸಿಕೊಂಡಳು.

"ತೂಗ್. ಒಳ್ಗಿದ್ದವ್ಳನ್ನೂ ಸೇರ್ಸಿ ತೂಗ್. ಬಡವ್ರ ಹೆಸ್ರಲ್ಲೇ ಅಲ್ದಾ ನಿಮ್ ವ್ಯಾಪಾರ?"

ಲಾರಿಯವನು ಶೆಟ್ಟರ ಮುಖ ನೋಡಿದ. ಶೆಟ್ಟರು ಪೊಲೀಸರಿಗೆ ಫೋನು ಮಾಡಿ, ಕಳ್ಳಿ ಸಿಕ್ಕಿದ್ದಾಳೆ ಎಂದರು. ನಾನು ಚೀಲ ಬಿಸಾಡಿ, ಲಾರಿಯ ಚಕ್ರದ ಎದುರು ಹೋಗಿ ಕೂತೆ. ಒಬ್ಬೊಬ್ಬರೇ ಸಾಲು ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಜೀಪು ಬಂದು ನಿಂತಾಗಲೂ ಗುಲಾಬಿ ಕೊಕ್ಕೆ ಬಿಡಿಸಿಕೊಂಡಿರಲಿಲ್ಲ.