ಚಿತ್ರದಲ್ಲಿರೋ ಅಂಗೆ ನಿಂತ್ಕೊ

"ಕೋಲು ಬುಡೇ ಕುಂಟಿ! ಕೋಲು ಬುಟ್ಟು ಕೈ ಮುಗಿ ಅಂದ್ರೆ ಅದನ್ನೇ ತಬ್ಕಂಡು ನಿಂತವ್ಳೆ, ಕೋತಿ ಮರ ತಬ್ಕಂಡಂಗೆ!"

ಕಬ್ಬಿನ ತೋಟದ ಮೇಸ್ತ್ರಿ ಬೊರೆತ್ ಕಿರುಚಿದ ರಭಸಕ್ಕೆ ಶಾಲೆಯ ಅಂಗಳದ ಕೋಳಿಗಳು ಚೆದುರಿದವು. ಕೇಸೋರ್ ಬಿದಿರುಗೋಲನ್ನು ಬಿಟ್ಟಳು. ಎರಡು ಅಂಗೈ ಒಂದಕ್ಕೊಂದು ತಾಗುವಷ್ಟರಲ್ಲಿ ಒಂಟಿ ಕಾಲು ಓಲಾಡಿ ಮಣ್ಣಿಗೆ ಮುಖ ಕೊಟ್ಟು ಬಿದ್ದಳು. ಜಗಲಿಯ ಮೇಲಿದ್ದ ಮಕ್ಕಳು ಗೊಳ್ಳೆಂದು ನಕ್ಕವು. ಎತ್ತಲು ಓಡಿದ ಅವಳ ತಾಯಿ ಸೊಖೀಮಳ ಎದೆಗೆ ಮೇಸ್ತ್ರಿಯ ಬೆತ್ತ ಅಡ್ಡ ಬಂತು.

"ಮುಟ್ಬೇಡ. ಅವ್ಳೇ ಏಳ್ಲಿ. ಇನ್ನೊಂದ್ ಸಲ."

ಅವನ ಇನ್ನೊಂದು ಕೈಯಲ್ಲಿ ಹೊಸ ಪುಸ್ತಕವಿತ್ತು. ಮಕ್ಕಳ ಪುಸ್ತಕ. ಹೊದಿಕೆಯ ಮೇಲೆ ಕೇಸೋರಳದೇ ಮುಖ, ಅವಳದೇ ಹಳದಿ ರವಿಕೆ, ಮೊಣಕಾಲ ಕೆಳಗೆ ಏನೂ ಇಲ್ಲದ ಅವಳದೇ ಎಡಗಾಲು. ಆದರೆ ಆ ಹುಡುಗಿ ಒಂದೇ ಕಾಲಲ್ಲಿ ಕಂಬದಂತೆ ನೆಟ್ಟಗೆ ನಿಂತು, ಎತ್ತರದ ಕುರ್ಚಿಯಲ್ಲಿ ಕೂತ ಒಡತಿಗೆ ಹುಬ್ಬಿನ ಮಟ್ಟಕ್ಕೆ ಕೈ ಮುಗಿದು ನಗುತ್ತಿದ್ದಳು. ಅವಳ ಬಿದಿರುಗೋಲು ಹುಲ್ಲಿನ ಮೇಲೆ ಬಿದ್ದಿತ್ತು, ಅದರ ಮೇಲೊಂದು ಚಿಟ್ಟೆ ಕೂತಿತ್ತು.

"ನೋಡು, ಇಲ್ನೋಡು! ಚುಮ್ತಿಯಾವ್ ಅವ್ರೇ ಕಥೆ ಬರ್ದು, ಪಟ್ಟಣದಿಂದ ಚಿತ್ರ ಬರ್ಯೋರ್ನ ಕರ್ಸಿ ಮಾಡ್ಸವ್ರೆ. ಈ ಮಗ ನಿಂತಿಲ್ವಾ? ನಿಂಗೇನು ದೊಡ್ರೋಗ?"

"ಅದು ಚಿತ್ರ," ಅಂದಳು ಕೇಸೋರ್, ತುಟಿಯ ಮಣ್ಣು ಉಗುಳುತ್ತ. "ಚಿತ್ರ ಬೀಳಕಿಲ್ಲ. ಮತ್ತೆ, ಹುಬ್ಬಿನ ಮಟ್ಟ ಭಿಕ್ಕುಗಳಿಗಲ್ವಾ?"

ಮೇಸ್ತ್ರಿಯ ಬೆತ್ತ ಬಿದ್ದದ್ದು ತಾಯಿಯ ತೋಳಿನ ಮೇಲೆ.

"ಮಗ್ಳಿಗೆ ಬಾಯಿ ಕಲ್ಸಿದ್ದೀಯ, ಬೋಳಿಮುಂಡೆ?"

"ಇಲ್ಲ ಬೋಂಗ್, ಇಲ್ಲಣ್ಣ," ಸೊಖೀಮ್ ಕುಗ್ಗಿ ನಿಂತಳು. "ಅವ್ಳು ಎಲ್ರಿಗೂ ಕೋಲಿನ ಮೇಲೇ ಎರಡೂ ಅಂಗೈ ಸೇರ್ಸಿ ತಲೆ ಬಗ್ಗಿಸ್ತಾಳೆ. ಭಿಕ್ಕುಗಳೂ ಅದ್ನೇ ಒಪ್ಕಂಡವ್ರೆ."

"ಭಿಕ್ಕುಗಳು ನಿನ್ನತ್ರ ಅನ್ನ ಬೇಡೋರು ಕಣೇ. ನಿಂಗೆ ಅನ್ನ ಹಾಕೋರು ಓಕ್ನಾ. ಗ್ಯಾನ ಇರ್ಲಿ."

ಓಕ್ನಾ ಅಂದರೆ ರಾಜಬಿರುದು ಹೊತ್ತ ಒಡೆಯ. ಕಣ್ಣು ಹಾಯುವಷ್ಟು ದೂರದ ಕಬ್ಬು, ಕಬ್ಬಿನಾಚೆಯ ಸಕ್ಕರೆ ಕಾರ್ಖಾನೆ, ಕೂಲಿಯವರ ಜೋಪಡಿ ಸಾಲು, ಜೋಪಡಿಯೊಳಗಿನ ಬಾಯಿಗಳು, ಎಲ್ಲ ಅವನವೇ. ಅವನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಎಲ್ಲರಿಗೂ ಆಕೆ ಚುಮ್ತಿಯಾವ್, ಅಂದರೆ ಅಮ್ಮಾವ್ರು. ಆಕೆ ಬರೆದ ಪುಸ್ತಕದ ಬಿಡುಗಡೆಗೆ ಸಕ್ಕರೆ ಕೊಳ್ಳುವ ಪರದೇಶದವರು ಬರುವವರಿದ್ದರು. ಹೊದಿಕೆಯಲ್ಲಿರುವ ಹಾಗೇ ಕೇಸೋರ್ ವೇದಿಕೆಯ ಮೇಲೆ ನಿಲ್ಲಬೇಕು, ಒಂದು ಪುಟ ಓದಬೇಕು, ಫೋಟೋ ತೆಗೆಸಿಕೊಳ್ಳಬೇಕು. ಅಷ್ಟೇ.

ಅಷ್ಟೇ ಅನ್ನುವುದು ಸೊಖೀಮಳಿಗೂ ಗೊತ್ತಿತ್ತು. ಆದರೂ ಮನೆಯ ದಾರಿಯುದ್ದಕ್ಕೂ ಅವಳು ಹಿಂದಿರುಗಿ ನೋಡುತ್ತಲೇ ನಡೆದಳು.

ಸಂಜೆ ಒಲೆಯ ಮುಂದೆ ಕೂತು ಕೇಸೋರ್ ಪುಸ್ತಕ ಓದಿ ಹೇಳಿದಳು. ತಾಯಿಗೆ ಅಕ್ಷರ ಬಾರದು. ತಂದೆ ಥಾಯ್ ಗಡಿ ದಾಟಿ ಕೂಲಿಗೆ ಹೋದವನು, ಸುದ್ದಿಯಿಲ್ಲ.

"'ಒಂದೂರಲ್ಲಿ ತಾಯಿಯ ಮಾತು ಕೇಳದ ಹುಡುಗಿಯೊಬ್ಬಳಿದ್ದಳು. ಬೇಡವೆಂದರೂ ಅವಳು ಕಾಡಿಗೆ ಓಡಿದಳು. ಅಲ್ಲಿ ಹಳೆಯ ಯುದ್ಧದ ನೆಲಬಾಂಬು ಮಲಗಿತ್ತು.'" ಕೇಸೋರ್ ತಲೆಯೆತ್ತಿದಳು. "ಅವ್ವಾ, ನಾನು ಯಾವಾಗ ಕಾಡಿಗೆ ಹೋಗಿದ್ದೆ?"

"ಸುಮ್ಕೆ ಓದು."

"ಕೊನೇ ಪುಟದಲ್ಲಿ ಅವ್ಳು ಚುಮ್ತಿಯಾವ್‌ಗೆ ಕೈ ಮುಗ್ದು ತಪ್ಪಾಯ್ತು ಅಂತಾಳೆ. ತಕ್ಷಣ ಕಾಲು ಮೊಳ್ತುಬುಡ್ತದೆ, ಕುಣೀತಾಳೆ. ನೋಡಿಲ್ಲಿ, ಎರಡು ಕಾಲು. ಇವ್ಳು ನಾನಲ್ಲ. ಕಾಲು ಬರೋಗಂಟ ನಾನು, ಬಂದ್ಮೇಲೆ ಯಾರೋ."

ಸೊಖೀಮ್ ಪ್ರಹೋಕ್ ಹುರಿಯುವ ನೆಪದಲ್ಲಿ ಒಲೆಗೆ ಮುಖ ಕೊಟ್ಟಳು. ಹುಳಿಸಿದ ಮೀನಿನ ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲ.

ಕಾಡೂ ಇಲ್ಲ, ಬಾಂಬೂ ಇಲ್ಲ. ಟ್ರೇಲರಿನಿಂದ ಉದುರಿದ ಕಬ್ಬನ್ನು ಆರಿಸಲು ಹುಡುಗರನ್ನು ಕಳಿಸಿರೆಂದು ಬೊರೆತ್ ಬೈದಿದ್ದ. ಹೋಗು ಮಗ, ಬೇಗ ಹೋಗು ಎಂದು ಬೆನ್ನು ತಟ್ಟಿ ಕಳಿಸಿದವಳು ಸೊಖೀಮ್. ಟ್ರ್ಯಾಕ್ಟರ್ ಹಿಂದಕ್ಕೆ ಬಂತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗ ಉತ್ತರ ಕೊಟ್ಟವನು ಬೊರೆತ್. ಈ ದೇಶದಲ್ಲಿ ಕಾಲು ಹೋಯಿತೆಂದರೆ ಬಾಂಬೆಂದು ಎಲ್ಲರೂ ನಂಬುತ್ತಾರೆ, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಪಕ್ಕದ ಜೋಪಡಿಯ ಥೊನ್ ಮಾತ್ರ ಕ್ಯಾಮೆರಾ ಹಿಡಿದು ಬಂದ ಯಾರಿಗೋ ಟ್ರೇಲರಿನ ವಿಷಯ ಬಾಯಿಬಿಟ್ಟಿದ್ದ. ಮರುದಿನ ಅದೇ ಟ್ರ್ಯಾಕ್ಟರ್ ಅವನ ಜೋಪಡಿಯ ಮೇಲೆ ಹಾದುಹೋಯಿತು, ಒಲೆಯ ಮೇಲಿದ್ದ ಅನ್ನದ ಸಮೇತ. ಅವತ್ತಿನಿಂದ ಆ ಇಂಜಿನ್ನಿನ ಸದ್ದು ಕೇಳಿದರೆ ಸೊಖೀಮಳ ಕೈಯಲ್ಲಿದ್ದದ್ದು ಜಾರುತ್ತದೆ.

"ನಾನು ನಿನ್ ಮಾತು ಕೇಳೇ ಹೋಗಿದ್ದು," ಅಂದಳು ಕೇಸೋರ್. "ಈ ಪುಸ್ತಕ ಎಲ್ಲಾ ಶಾಲೇಗೂ ಹಂಚ್ತಾರಂತೆ. ಎಲ್ಲಾ ಮಕ್ಳೂ ನನ್ನ ಮಾತು ಕೇಳ್ದೋಳು ಅಂತಾರೆ."

"ಅಂದ್ರೆ ಅನ್ನಲಿ. ಮೈಗೆ ಅಂಟ್ಕತದಾ? ಒಂದು ಪುಟ ಓದ್ಬುಟ್ಟು ಬಾ, ನನ್ನವ್ವ. ನಿನ್ ಕಾಲಿಗೆ ಬೀಳ್ತೀನಿ."

"ಯಾವ್ ಕಾಲಿಗೆ?" ಅಂದಳು ಹುಡುಗಿ.

ಬೆಳಗ್ಗೆ ಎದ್ದು ನೋಡಿದರೆ ಕೊನೆಯ ಪುಟದ ಮೊಳೆತ ಕಾಲಿನ ಮೇಲೆ ಇದ್ದಿಲು ಬಳಿದಿತ್ತು. ಕುಣಿಯುವ ಹುಡುಗಿಯ ಕೈಗೆ ಉದ್ದನೆಯ ಬಿದಿರುಗೋಲು ಬಂದಿತ್ತು. ಸೊಖೀಮ್ ಎಂಜಲು ಹಚ್ಚಿ ಉಜ್ಜಿದಳು. ಕಪ್ಪು ಇನ್ನಷ್ಟು ಹರಡಿ ಕಾಗದ ಹರಿಯಿತು. ಅವಳು ಅದನ್ನು ಅಕ್ಕಿ ಮಡಕೆಯ ತಳಕ್ಕೆ ತುರುಕಿ ಮೇಲೆ ಅಕ್ಕಿ ಸುರಿದಳು.

ಬೀಳುವ ಹುಡುಗಿಗೆ ಬೊರೆತನೇ ಉಪಾಯ ಹುಡುಕಿದ. ವೇದಿಕೆಯ ಮೇಲೆ ಪುಸ್ತಕದ ಹೊದಿಕೆಯನ್ನು ಆಳೆತ್ತರದ ಹಲಗೆಗೆ ಅಂಟಿಸಿ ನಿಲ್ಲಿಸಿದರು. ಹಲಗೆಯಲ್ಲಿ ಸೊಂಟದ ಮಟ್ಟಕ್ಕೆ ಎರಡು ತೂತು.

"ನೀನು ಹಿಂದೆ ಕುಕ್ಕರಗಾಲಲ್ಲಿ ಕೂರು. ತೂತಲ್ಲಿ ಕೈ ಹಾಕಿ ಅವ್ಳ ಸೊಂಟ ಹಿಡ್ಕೊ, ರವಿಕೆ ಒಳ್ಗಿಂದ. ಬೆರಳೂ ಕಾಣ್ಬಾರ್ದು," ಅಂದ. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ತಂದ. "ಪುಸ್ತಕದಲ್ಲಿ ಇಲ್ದೇ ಇರೋದು ಏನಾರ ಬಾಯಿಗೆ ಬಂತೋ, ಚಿವುಟು. ರಕ್ತ ಬರಂಗೆ ಚಿವುಟು. ಇಲ್ದಿದ್ರೆ ಟ್ರ್ಯಾಕ್ಟರ್ ನಿಮ್ ಸಾಲಲ್ಲೇ ನಿಲ್ಸಿದೀನಿ, ನೋಡ್ಕಂಡ್ ಬಾ ಹೋಗು."

ಅವಳು ನೋಡಿ ಬಂದಳು. ನಿಂತಿತ್ತು.

ಬಿಡುಗಡೆಯ ದಿನ ಕೂಲಿಯವರನ್ನೆಲ್ಲ ಚಾಪೆಯ ಮೇಲೆ ಕೂರಿಸಿದ್ದರು. ಹಲಗೆಯ ಹಿಂದೆ ಕೂತ ಸೊಖೀಮಳಿಗೆ ಮಗಳ ಬೆನ್ನೂ ಕಾಣದು, ಜನರೂ ಕಾಣರು. ಕಾಣುವುದು ಬರೀ ಮರದ ಹಲಗೆ, ಅದರ ಕೆಳಗಿನ ಸಂದಿನಲ್ಲಿ ಮಗಳ ಒಂದು ಪಾದ, ಆಚೆ ಬಿಸಾಡಿದ ಬಿದಿರುಗೋಲು. ಕೈಯೊಳಗೆ ಮಗಳ ಸೊಂಟ ಬೆಚ್ಚಗಿತ್ತು. ತಲೆಗೆ ಸುತ್ತಿದ್ದ ಕ್ರಮಾ ವಸ್ತ್ರ ಬೆವರಿಗೆ ತೊಯ್ದು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ.

"ಎಷ್ಟು ಚೆಂದ ನಿಂತಿದ್ದಾಳೆ, ನೋಡಿ!" ಚುಮ್ತಿಯಾವಳ ಧ್ವನಿ. "ಮನಸ್ಸಿದ್ದರೆ ಕಾಲು ಯಾಕೆ ಬೇಕು? ಓದು ಮಗಳೆ, ಹೆದರಬೇಡ."

ಕೇಸೋರ್ ಓದಿದಳು. "ಒಂದೂರಲ್ಲಿ ತಾಯಿಯ ಮಾತು ಕೇಳದ..."

ಓದು ನಿಂತಿತು.

ಸೊಖೀಮ್ ಹಲಗೆಗೆ ಹಣೆ ಒತ್ತಿದಳು. ಓದು ಮಗ, ಓದು, ಓದ್ಬುಡು. ಸಂದಿನಲ್ಲಿ ಕರೀ ಬೂಟುಗಳು ಹಲಗೆಯ ಪಕ್ಕಕ್ಕೆ ಬಂದವು.

"ನಾನು ನಮ್ಮವ್ವನ ಮಾತು ಕೇಳಿದ್ದೆ," ಅಂದಳು ಕೇಸೋರ್. ಮೈಕಿನಲ್ಲಿ ಅದು ಜೋಪಡಿ ಸಾಲಿನ ತನಕ ಕೇಳಿತು. "ನಾನು ಕಾಡಿಗೆ ಹೋಗಿರ್ಲಿಲ್ಲ. ಕಬ್ಬು ಆರ್ಸಕ್ಕೆ ಹೋಗಿದ್ದೆ."

"ಚಿವುಟೇ," ಬೂಟುಗಳ ಮೇಲಿಂದ ಪಿಸುಮಾತು. "ಚಿವುಟೇ ಲೌಡಿ!"

ಸೊಖೀಮಳ ಉಗುರು ಮಗಳ ಚರ್ಮಕ್ಕೆ ತಾಗಿತು. ಒತ್ತಲು ಹೊರಟಳು, ಅದು ಸುಳ್ಳಲ್ಲ. ಕಣ್ಣ ಮುಂದೆ ಥೊನನ ಒಲೆ ಬಂತು. ಆ ಬೆರಳುಗಳೇ ಅವತ್ತು ಈ ಬೆನ್ನು ತಟ್ಟಿ ಕಳಿಸಿದ್ದವು. ಒತ್ತಲಾಗಲಿಲ್ಲ.

ಬೊರೆತನ ಬೂಟು ಅವಳ ಪಕ್ಕೆಗೆ ಬಿತ್ತು. ಇನ್ನೊಂದು. ಕೈ ಬಿಟ್ಟರೆ ಮಗಳು ಬೀಳುತ್ತಾಳೆ. ಅವಳು ಕೈ ಬಿಡದೆ ಎದ್ದಳು. ತೂತಿನಲ್ಲಿ ಸಿಕ್ಕ ತೋಳಿನ ಜೊತೆ ಹಲಗೆ ಎದ್ದಿತು, ಓಲಾಡಿತು, ನಡುವೆ ಸೀಳಿತು. ನಗುವ ಹುಡುಗಿ, ಚಿಟ್ಟೆ, ಎತ್ತರದ ಕುರ್ಚಿ ಎಲ್ಲ ಅಡಿಮೇಲಾಗಿ ಚುಮ್ತಿಯಾವಳ ಕಾಲ ಬಳಿ ಬಿದ್ದವು. ಹಿಂದೆ ಕಬ್ಬಿನ ಗರಿ ಗೀರಿದ ಮುಖದ ಹೆಂಗಸೊಬ್ಬಳು ಮಗಳ ಸೊಂಟ ತಬ್ಬಿ ನಿಂತಿರುವುದು ಎಲ್ಲರಿಗೂ ಕಂಡಿತು. ಚಾಪೆಯ ಮೇಲೆ ಯಾರೂ ನಗಲಿಲ್ಲ. ಕ್ಯಾಮೆರಾ ಒಂದೆರಡು ಸಲ ಮಿನುಗಿತು.

"ಯಾರಿವಳು?" ಎಂದಳು ಚುಮ್ತಿಯಾವ್, ಹಲ್ಲಿನ ನಗೆ ಬಿಡದೆ. "ಕರೆದೊಯ್ಯಿರಿ, ಪಾಪ, ಏನೋ ಗಾಬರಿ."

ಸೊಖೀಮಳಿಗೆ ಗಾಬರಿಯೇ ಆಗಿತ್ತು. ಮೈಕು ಬಾಯಿಯ ಮುಂದಿತ್ತು.

"ನಾನೇ ಕಳ್ಸಿದ್ದು," ಅಂದಳು. ಧ್ವನಿ ಅವಳದೆಂದು ಅವಳಿಗೇ ಗೊತ್ತಾಗಲಿಲ್ಲ. "ಮೇಸ್ತ್ರಿ ಹೇಳ್ದ, ನಾನು ಕಳಿಸ್ದೆ. ಟ್ರೇಲರ್ ಹಿಂದೆ. ನನ್ ಮಗಳು ಹೇಳ್ದಂಗೆ ಕೇಳೋಳು."

ಮೈಕಿನ ತಂತಿ ಯಾರೋ ಕಿತ್ತರು. ಮುಂದಿನ ಸಾಲಿನ ಮುದುಕಿಯೊಬ್ಬಳು ಬಿದಿರುಗೋಲನ್ನು ಎತ್ತಿ ವೇದಿಕೆಯ ಮೇಲಕ್ಕೆ ಚಾಚಿದಳು. ಕೇಸೋರ್ ಅದನ್ನು ಊರಿ ತಿರುಗಿದಳು. ಚುಮ್ತಿಯಾವಳ ಕಡೆಗಲ್ಲ. ಬಿದಿರಿನ ಮೇಲೆ ಎರಡೂ ಅಂಗೈ ಸೇರಿಸಿ, ಹೆತ್ತವರಿಗೆ ಸಲ್ಲುವ ಹಾಗೆ ಮೂಗಿನ ಮಟ್ಟಕ್ಕೆ ತಂದು, ತಾಯಿಗೆ ತಲೆ ಬಗ್ಗಿಸಿದಳು.

ಜೋಪಡಿ ಸಾಲಿನ ಕಡೆ ಟ್ರ್ಯಾಕ್ಟರಿನ ಇಂಜಿನ್ ಒಮ್ಮೆ ಕೆಮ್ಮಿ ಶುರುವಾಯಿತು. ಸೊಖೀಮ್ ಮಗಳ ಕೋಲನ್ನು ತಾನೂ ಹಿಡಿದುಕೊಂಡಳು. ಚಾಪೆಯ ಮೇಲಿದ್ದವರು ಒಬ್ಬೊಬ್ಬರಾಗಿ ಆ ಸದ್ದಿನ ಕಡೆಗೆ ಮುಖ ತಿರುಗಿಸಿ ಎದ್ದು ನಿಂತರು.